ಗಿರಣಿ ಮಾವನ ಸಮಗ್ರ ಕಿರುಚಾಟ

ನಮ್ಮ ಸೋದರಮಾವ ಕನ್ನಡ ಸಂಗೀತಲೋಕದ ಮೇಲೆ ಗಾಢವಾದ ಪ್ರಭಾವ ಬೀರಿದ ಮನುಷ್ಯ. ಇದು ನಾನು ಹೇಳುವ ಮಾತಲ್ಲ, ಅವನೇ ಹೇಳುವುದು. ಹೇಳುವುದು ಅನ್ನುವುದಕ್ಕಿಂತ ಕೂಗುವುದು ಅನ್ನಬೇಕು. ಭದ್ರಾವತಿಯ ಜನ್ನಾಪುರದಲ್ಲಿ ಹಿಟ್ಟಿನ ಗಿರಣಿಯಲ್ಲಿ ಮೂವತ್ತು ವರ್ಷ ಮೋಟಾರಿನ ಪಕ್ಕ ನಿಂತವನಿಗೆ ಮೆಲ್ಲಗೆ ಮಾತಾಡು ಅಂದರೆ ಎಲ್ಲಿಂದ ಬರಬೇಕು? ಅವನ ಫೋನ್ ಬಂದರೆ ಶಿವಮೊಗ್ಗದ ವಿದ್ಯಾನಗರದಲ್ಲಿರುವ ನಾನು ಮೊಬೈಲನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನಡುಮನೆಯಲ್ಲಿ ಬಟ್ಟೆ ಮಡಚುತ್ತಾ ಮಾತಾಡುತ್ತೇನೆ. ಸ್ಪೀಕರ್ ಹಾಕುವ ಪ್ರಸಂಗ ಇದುವರೆಗೆ ಬಂದಿಲ್ಲ.

ಪ್ರಭಾವಕ್ಕೆ ಒಳಗಾದವರು ಎಷ್ಟು ಜನ ಮಾವ ಎಂದು ಒಮ್ಮೆ ಕೇಳಿದ್ದೆ. ಏಳು ಜನ ಎಂದ, ಒಂದಿಷ್ಟೂ ಸಂಕೋಚವಿಲ್ಲದೆ. ಅವರಲ್ಲೊಬ್ಬ ಈಗ ಕುಂಸಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನಂತೆ, ಇನ್ನೊಬ್ಬ ಬಸ್ ಡ್ರೈವರ್ ಆಗಿದ್ದಾನಂತೆ. ಇವರಲ್ಲಿ ಸಂಗೀತ ಎಲ್ಲಿ ಬಂತು ಎಂದರೆ, ಸಂಗೀತ ಕೇಳಿದ ಮೇಲೆ ಮನುಷ್ಯ ಸಂಗೀತಗಾರನೇ ಆಗಬೇಕು ಅಂತ ಯಾವ ಕಾನೂನಿದೆ ಎಂದು ನನ್ನ ಬಾಯಿಯನ್ನೇ ಮುಚ್ಚಿಸಿದ.

ಇಪ್ಪತ್ತೈದು ವರ್ಷದ ಕೆಳಗೆ ಮಾವ ಮತ್ತು ಅವನ ಮೂವರು ಗೆಳೆಯರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದರು. ಬ್ಯಾಂಡ್ ಎಂದಕೂಡಲೇ ಕೆಂಪು ಕೋಟು ತೊಟ್ಟು ಮದುವೆ ದಿಬ್ಬಣದ ಮುಂದೆ ಊದುತ್ತಾ ಹೋಗುವವರನ್ನು ನೆನೆಸಿಕೊಳ್ಳಬೇಡಿ. ಆ ಬ್ಯಾಂಡಿನವರಿಗೆ ಒಂದು ಮರ್ಯಾದೆ ಇದೆ. ಇವರದ್ದು ಬೇರೆ. ಊರಿನ ಕಬ್ಬಿಣದ ಕಾರ್ಖಾನೆಯ ಅತಿಥಿಗೃಹದಲ್ಲಿ ಯಾರೋ ಹೊರದೇಶದ ಇಂಜಿನಿಯರ್ ಬಿಟ್ಟುಹೋದ ಒಂದು ಕ್ಯಾಸೆಟ್ ಇವರ ಕೈಗೆ ಸಿಕ್ಕಿತ್ತು. ಮೇಲೆ ಹೆಸರಿಲ್ಲ, ಕವರಿಲ್ಲ. ಒಳಗೆ ಒಬ್ಬ ಮನುಷ್ಯ ಎದೆ ಬಿರಿಯುವ ಹಾಗೆ ಕಿರುಚುತ್ತಿದ್ದ, ಕಿರುಚುತ್ತಲೇ ಬಿಕ್ಕುತ್ತಿದ್ದ. ಹಿಂದೆ ಗಿಟಾರು, ಡ್ರಮ್ಮು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. "ಬೈತಾ ಇದಾನೋ ಅಳ್ತಾ ಇದಾನೋ ನಮಗೆ ತಿಳೀಲಿಲ್ಲ ಮಾರಾಯ್ತಿ, ಅವನಿಗೂ ನಮಗೂ ಒಂದೇ ಕಾಯಿಲೆ ಅನ್ನೋದು ಮಾತ್ರ ತಿಳೀತು" ಎಂದು ಮಾವ ಈಗಲೂ ಹೇಳುತ್ತಾನೆ. ಆ ಕಾಯಿಲೆಗೆ ಇಮೋಷನಲ್ ಹಾರ್ಡ್‌ಕೋರ್ ಪಂಕ್ ಎಂಬ ಹೆಸರಿದೆ ಎಂದು ಅವನಿಗೆ ಗೊತ್ತಾದದ್ದು ಇಪ್ಪತ್ತು ವರ್ಷದ ಮೇಲೆ, ನಾನು ಮೊಬೈಲಿನಲ್ಲಿ ಹುಡುಕಿ ಹೇಳಿದಾಗ. ಅಷ್ಟುದ್ದ ಹೆಸರು ಹೇಳಿ ಮುಗಿಸುವುದರೊಳಗೆ ನಮ್ಮ ಹಾಡೇ ಮುಗಿದಿರುತ್ತೆ ಎಂದು ತಳ್ಳಿಹಾಕಿದ. ಆ ಮಾತೂ ಸುಳ್ಳಲ್ಲ. ಅವರ ಹಾಡುಗಳು ಎರಡು ನಿಮಿಷ ದಾಟುತ್ತಿದ್ದುದು ಅಪರೂಪ.

ಮಾವ ಗಿಟಾರು. ಡ್ರಮ್ಮಿಗೊಬ್ಬ, ದಪ್ಪ ತಂತಿಯ ಗಿಟಾರಿಗೊಬ್ಬ ಇದ್ದರು. ಅವರಿಬ್ಬರೂ ಆಮೇಲೆ ಊರು ಬಿಟ್ಟು ಬೇರೆ ಕಡೆ ನೆಲೆಸಿದರು. ಹಾಡುವವನು ಸೆಲ್ವಣ್ಣ. ಮನೆಮಾತು ತಮಿಳು, ಬರೆಯುತ್ತಿದ್ದುದು ಕನ್ನಡ, ಹೊಟ್ಟೆಪಾಡಿಗೆ ಕಾರ್ಖಾನೆಯೊಳಗೆ ಒಬ್ಬ ಗುತ್ತಿಗೆದಾರನ ಕೈಕೆಳಗೆ ದಿನಗೂಲಿ. 'ಮಸ್ಟರಲ್ಲಿ ನನ್ನ ಹೆಸರಿಲ್ಲ' ಎಂಬುದು ಅವನ ಮೊದಲ ಹಾಡು. ಮಸ್ಟರು ಅಂದರೆ ಕಾರ್ಖಾನೆಯ ಹಾಜರಿ ಪುಸ್ತಕ. ಹಾಡೆಲ್ಲ ಅಷ್ಟೇ, ಆ ಒಂದು ಸಾಲನ್ನು ಮೂವತ್ತೆರಡು ಸಲ ಕೂಗುವುದು. ಮೂವತ್ತೆರಡನೆಯ ಸಲ ಕೇಳುವಾಗ ನಮಗೂ ಹೋಗಿ ಆ ಗುತ್ತಿಗೆದಾರನ ಕೊರಳಪಟ್ಟಿ ಹಿಡಿಯೋಣ ಅನ್ನಿಸುತ್ತದೆ.

ಅಭ್ಯಾಸಕ್ಕೆ ಜಾಗ ಕೊಟ್ಟವರು ನಮ್ಮ ಅಜ್ಜ. ಗಿರಣಿ ಆಗ ಅವರದು. ಅವರು ಹಾಕಿದ ಷರತ್ತು ಒಂದೇ: ಮೋಟಾರು ಓಡುತ್ತಿರುವಾಗ ಮಾತ್ರ ಬಾರಿಸಬೇಕು, ಮೋಟಾರು ನಿಂತರೆ ನೀವೂ ನಿಲ್ಲಬೇಕು. ಮೋಟಾರಿನ ಸದ್ದಿನಲ್ಲಿ ಇವರ ಸದ್ದು ಅಕ್ಕಪಕ್ಕದವರಿಗೆ ಕೇಳದಿರಲಿ ಎನ್ನುವುದು ಅಜ್ಜನ ಲೆಕ್ಕಾಚಾರ. ಆದದ್ದು ತದ್ವಿರುದ್ಧ. ಮೋಟಾರನ್ನೂ ಮೀರಿ ಕೇಳಿಸಬೇಕೆಂದು ಇವರು ಇನ್ನಷ್ಟು ಜೋರು ಮಾಡಿದರು. ತ್ರೀಫೇಸ್ ಕರೆಂಟು ಬಂದಾಗಲೇ ಗಿರಣಿ, ಗಿರಣಿ ಓಡಿದಾಗಲೇ ಸಂಗೀತ. ಹೀಗಾಗಿ ಕನ್ನಡದ ಈ ಮಹತ್ವದ ಬ್ಯಾಂಡಿನ ತಾಲೀಮಿನ ವೇಳಾಪಟ್ಟಿಯನ್ನು ತಯಾರಿಸುತ್ತಿದ್ದವರು ವಿದ್ಯುತ್ ಇಲಾಖೆಯವರು. ರಾಗಿ ಮೂಟೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟು ಗುಂಡಿ ಒತ್ತಿಬಿಡುತ್ತಿದ್ದರು. ಹನ್ನೊಂದು ಹಾಡು, ನಾಲ್ಕು ಕ್ಯಾಸೆಟ್ಟು. ಎಲ್ಲದರಲ್ಲೂ ಮೋಟಾರು ಗುಡುಗುತ್ತದೆ. ಒಂದು ಹಾಡಿನ ನಟ್ಟನಡುವೆ ಯಾರೋ ಹೆಂಗಸು, ಅಕ್ಕಿಹಿಟ್ಟು ನುಣ್ಣಗೆ ಬೇಡ, ರೊಟ್ಟಿಗೆ, ಎಂದು ಹೇಳಿ ಹೋಗುತ್ತಾಳೆ.

ಜನರ ಮುಂದೆ ಹಾಡಿದ್ದು ಒಂದೇ ಸಲ, ಗಣಪತಿ ಪೆಂಡಾಲಿನಲ್ಲಿ. ಆರ್ಕೆಸ್ಟ್ರಾದವರು ಬರುವುದು ತಡವಾಯಿತು. ಯಾರಾದರೂ ಹತ್ತು ನಿಮಿಷ ಏನಾದರೂ ಹಾಡಿ ಎಂದು ಸಮಿತಿಯವರೇ ಮೈಕಿನಲ್ಲಿ ಬೇಡಿಕೊಂಡರು. ತಪ್ಪು ಬೇಡಿಕೊಂಡವರದು ತಾನೆ? ಸೆಲ್ವಣ್ಣ ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮೇಲೆ ಮಾಡಿ, ಮೈಯೆಲ್ಲ ನಡುಗಿಸುತ್ತಾ ಶುರುಮಾಡಿದ. ಮುಂದೆ ಕೂತಿದ್ದವರಲ್ಲಿ ಮುಕ್ಕಾಲು ಜನ ಕಾರ್ಖಾನೆಯವರು. ಕರೆಂಟು ಹೊಡೆದವನನ್ನು ಕೈಯಲ್ಲಿ ಮುಟ್ಟಬೇಡಿ, ಒಣಗಿದ ಕೋಲಿನಿಂದ ಹೊಡೆದು ಬಿಡಿಸಿ ಎಂಬ ಪಾಠ ವರ್ಷ ವರ್ಷ ಕೇಳಿ ಅವರಿಗೆ ಬಾಯಿಪಾಠವಾಗಿತ್ತು. ಆದರೆ ಪಾಪ, ಪ್ರಯೋಗ ಮಾಡುವ ಯೋಗ ಯಾರಿಗೂ ಕೂಡಿಬಂದಿರಲಿಲ್ಲ! ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಪೆಂಡಾಲಿನ ಬಿದಿರೊಂದನ್ನು ಕಿತ್ತುಕೊಂಡು ಓಡಿಬಂದು ಸೆಲ್ವಣ್ಣನ ಮುಂಗೈ ಮೇಲೆ ನಾಲ್ಕು ಬಿಗಿದರು. ಇನ್ನೊಬ್ಬರು ಮೇನ್ ಸ್ವಿಚ್ ಎಳೆದರು. ಮೂವರು ಅವನನ್ನು ಅಂಗಾತ ಮಲಗಿಸಿ ಎದೆ ಒತ್ತಲು ಕೂತರು.

ಸೆಲ್ವಣ್ಣ ಅವರನ್ನೆಲ್ಲ ತಳ್ಳಿ ಎದ್ದು ನಿಂತ. ದೀಪವಿಲ್ಲ, ಮೈಕಿಲ್ಲ, ಕೈ ಊದಿಕೊಂಡಿದೆ. ನಿಲ್ಲಿಸಿದ ಸಾಲಿನಿಂದಲೇ ಎತ್ತಿಕೊಂಡು ಹಾಡು ಪೂರ್ತಿ ಮುಗಿಸಿದ. ಮಾವ ತಂತಿಯೇ ಕೇಳದ ಗಿಟಾರನ್ನು ಕೊನೆಯವರೆಗೂ ಬಾರಿಸಿದ. ಹಾಡು ಮುಗಿಯುವ ಹೊತ್ತಿಗೆ ಪೆಂಡಾಲಿನಲ್ಲಿ ಉಳಿದಿದ್ದವರು ಏಳು ಜನ. ಪ್ರಭಾವಿತರ ಪಟ್ಟಿ ತಯಾರಾದದ್ದು ಹೀಗೆ.

ಮಾವ ಹೆಣ್ಣು ನೋಡಲು ಹೋದ ಕತೆ ನಮ್ಮ ಮನೆಯಲ್ಲಿ ಈಗಲೂ ಪ್ರತಿ ಹಬ್ಬಕ್ಕೂ ಬಡಿಸಲ್ಪಡುತ್ತದೆ. ಹಿರಿಯರು ಪದ್ಧತಿಯಂತೆ ಹುಡುಗಿಗೆ ಹಾಡು ಬರುತ್ತಾ ಎಂದು ಕೇಳಿದರು. ಮಾವ ತಡೆದು, ಬರೀ ಅವರನ್ನೇ ಕೇಳೋದು ಯಾವ ನ್ಯಾಯ, ಮೊದಲು ನಾನು ಹಾಡ್ತೀನಿ ಎಂದು ಒಂದು ನಿಮಿಷ ಹಾಡಿದ. ಒಳಗಿದ್ದ ಅಡುಗೆಯವನು ಸೌಟು ಹಿಡಿದು ಹೊರಗೆ ಓಡಿಬಂದನಂತೆ. ಬೀಗರಾಗಬೇಕಾದವರು ಮುಖ ಮುಖ ನೋಡಿಕೊಂಡರು. ಹುಡುಗಿ, ಅಂದರೆ ಈಗಿನ ನಮ್ಮ ಅತ್ತೆ, ಮಾತ್ರ ಒಪ್ಪಿಗೆ ಅಂದುಬಿಟ್ಟಳು. ಯಾಕೆ ಒಪ್ಪಿದೆ ಎಂದು ಕೇಳಿದರೆ ಈಗಲೂ ಒಂದೇ ಉತ್ತರ: "ಬೇರೆ ಗಂಡಸ್ರು ಮದುವೆ ಆದ್ಮೇಲೆ ಕಿರುಚ್ತಾರೆ. ಇವರು ಮೊದ್ಲೇ ತೋರಿಸಿಬಿಟ್ರು."

ಕೆಲವೇ ವರ್ಷಗಳಲ್ಲಿ ಬ್ಯಾಂಡು ಚೆದುರಿತು. ಗಿರಣಿ ಮಾವನ ಪಾಲಿಗೆ ಬಂತು. ಆದರೆ ಮಾವ ಆ ಹಾಡುಗಳನ್ನು ಬಿಡಲಿಲ್ಲ. ಇವತ್ತಿಗೂ ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆದರೆ ಊದಿನಕಡ್ಡಿ, ಮೋಟಾರು, ಕ್ಯಾಸೆಟ್ಟು, ಈ ಕ್ರಮ ತಪ್ಪುವುದಿಲ್ಲ. ಹಿಟ್ಟಿಗೆ ಬರುವವರು ಅದಕ್ಕೆ ಒಗ್ಗಿಹೋಗಿದ್ದಾರೆ. ಪುಟ್ಟಮ್ಮಜ್ಜಿ ಎಂಬ ಖಾಯಂ ಗಿರಾಕಿಯೊಬ್ಬರು ಒಂದು ದಿನ ಚೀಲ ಕೆಳಗಿಟ್ಟು ತುಂಬ ಹೊತ್ತು ಕೇಳಿಸಿಕೊಂಡು, ಇಷ್ಟು ಸಂಕಟ ಪಡ್ತಾ ಇದೆಯಲ್ಲ ಆ ಜೀವ, ಏನಾಯ್ತಪ್ಪಾ ಅಂತ ಕೇಳೋರು ಯಾರೂ ಇಲ್ವಾ ಎಂದರು. ತಮ್ಮ ಬ್ಯಾಂಡಿಗೆ ಸಿಕ್ಕ ಅತ್ಯುತ್ತಮ ವಿಮರ್ಶೆ ಇದು ಎಂದು ಮಾವ ಅವತ್ತೇ ನನಗೆ ಫೋನ್ ಮಾಡಿ ಹೇಳಿದ. ಮನೆಯೆಲ್ಲಾ ಕೇಳಿಸಿತು.

ಹೀಗಿರುವಾಗ ಬೆಂಗಳೂರಿನಿಂದ ಮೇಘನಾ ಎಂಬುವವರು ಫೋನ್ ಮಾಡಿದರು. ಮರೆತುಹೋದ ಬ್ಯಾಂಡುಗಳ ಹಾಡುಗಳನ್ನು ಹುಡುಕಿ ಹೊರತರುವುದು ಅವರ ಕೆಲಸ. ಕುಂಸಿಯ ಗೊಬ್ಬರದಂಗಡಿಯ ಆ ಪ್ರಭಾವಿತ ಮನುಷ್ಯ ಮಾವನಿಂದ ನಕಲು ಮಾಡಿಸಿಕೊಂಡಿದ್ದ ಒಂದು ಹಾಡನ್ನು ಇಂಟರ್ನೆಟ್ಟಿಗೆ ಹಾಕಿದ್ದನಂತೆ. ಅದು ಎಲ್ಲೆಲ್ಲಿಗೋ ಹೋಗಿ, ಯಾವ್ಯಾವ ಊರಿನ ಹುಡುಗ ಹುಡುಗಿಯರೋ ಅದನ್ನು ಕೇಳಿ ತಾವೂ ಕಿರುಚಲು ಕೂತಿದ್ದಾರಂತೆ. "ನಿಮ್ಮ ಸಮಗ್ರ ಧ್ವನಿಮುದ್ರಣ ತರಬೇಕು ಅಂತಿದೀವಿ ಸರ್" ಎಂದರು ಮೇಘನಾ.

ಸಮಗ್ರ! ಆ ಪದ ಕಿವಿಗೆ ಬಿದ್ದದ್ದೇ ತಡ, ಮಾವನನ್ನು ಹಿಡಿಯುವವರಿಲ್ಲ. ಸಮಗ್ರ ಅಂದರೆ ಏನು ಸಾಮಾನ್ಯವೇ? ಶಾಲು ಹೊದ್ದವರ ಕೃತಿಗಳಿಗೆ ಇಡುವ ಹೆಸರು ಅದು. ಜನ್ನಾಪುರದ ಒಂದು ಮನೆಯನ್ನೂ ಬಿಡದೆ ಸುದ್ದಿ ಮುಟ್ಟಿಸಿದ. ನಮ್ಮ ನೆಂಟರು, ಐವತ್ತು ದಾಟಿದವನಿಗೆ ಇದೆಲ್ಲ ಬೇಕಿತ್ತಾ ಎಂದು ಮೂಗು ಮುರಿದರು. ಐವತ್ತು ದಾಟಿದ ಮೇಲೆ ಭಜನೆ ಶುರು ಮಾಡಿದರೆ ಮೆಚ್ಚುತ್ತೀರಿ, ಇಪ್ಪತ್ತೈದರಲ್ಲಿ ಶುರು ಮಾಡಿದ್ದನ್ನು ಮುಂದುವರಿಸಿದರೆ ತಪ್ಪಾ ಎಂದು ಮಾವ ಮದುವೆ ಮನೆಯ ಪಂಕ್ತಿಯಲ್ಲೇ ಕೇಳಿದ. ಎಲೆಯ ಮುಂದೆ ಕೂತಿದ್ದವರೆಲ್ಲ ಸಾರಿನ ಕಡೆ ಗಮನ ಕೊಟ್ಟರು.

ಗಿರಣಿಯಲ್ಲಿ ದಿನಾ ಹಾಕುವುದು ಹಾಡುಗಳ ನಕಲು ಮಾತ್ರ. ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದ ನಾಲ್ಕು ಮೂಲ ಕ್ಯಾಸೆಟ್ಟುಗಳನ್ನು ಮೇಘನಾ ಬಂದು ತೆಗೆದುಕೊಂಡು ಹೋದರು. ಒಂದು ತಿಂಗಳ ಮೇಲೆ ಹಾಡುಗಳನ್ನು ಶುದ್ಧ ಮಾಡಿ ನನ್ನ ಮೊಬೈಲಿಗೆ ಕಳಿಸಿದರು. ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿ ವಿದ್ಯಾನಗರಕ್ಕೆ ಬಂದ. ನಾನು ಸ್ಪೀಕರಿಗೆ ಜೋಡಿಸಿ ಹಾಕಿದೆ. ಸೆಲ್ವಣ್ಣನ ಗಂಟಲು ಪಕ್ಕದಲ್ಲೇ ನಿಂತಷ್ಟು ಸ್ಪಷ್ಟ. ಗಿಟಾರಿನ ಒಂದೊಂದು ತಂತಿಯೂ ಬೇರೆ ಬೇರೆ. ನನಗೆ ಮೈ ಜುಮ್ಮೆಂದಿತು. ಮಾವ ಮಾತ್ರ ಗಂಟು ಮುಖ ಹಾಕಿಕೊಂಡು, "ಗಿರಣಿ ಎಲ್ಲಿ?" ಎಂದು ಕೇಳಿದ.

ಗಿರಣಿಯ ಸದ್ದನ್ನು ಅವರು ಕಂಪ್ಯೂಟರಿನಲ್ಲಿ ಒರೆಸಿದ್ದರು. ಮೋಟಾರು ನಮ್ಮ ತಂಬೂರಿ, ಅದನ್ನು ತೆಗೆದರೆ ನಾವು ಯಾವ ಶ್ರುತಿಗೆ ಕಿರುಚಿದ್ದು ಎಂದು ಮಾವ ಮೇಘನಾ ಜೊತೆ ಫೋನಿನಲ್ಲೇ ಜಗಳಕ್ಕೆ ನಿಂತ. ಮೇಘನಾ ಒಳ್ಳೆಯವರು, ಮೋಟಾರನ್ನು ವಾಪಸ್ಸು ಹಾಕಿದರು. ರೊಟ್ಟಿಯ ಹೆಂಗಸೂ ವಾಪಸ್ಸು ಬಂದಳು. ಬ್ಯಾಂಡಿನ ಸದಸ್ಯರ ಹೆಸರಿನ ಜೊತೆ ಮೋಟಾರಿನ ಹಾರ್ಸ್‌ಪವರ್ ಕೂಡ ಹಾಕಬೇಕು ಎಂದ. ಅದಕ್ಕೂ ಹೂಂ ಅಂದರು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಮಾವ ಇನ್ನೊಂದು ಕೇಳಿದ. ಹಾಡುಗಳ ನಡುವಿನ ಮಾತು ಎಲ್ಲಿ?

ಆ ಹಳೇ ಟೇಪ್‌ರೆಕಾರ್ಡರಿನ ಗುಂಡಿ ಒಮ್ಮೆ ನಿಲ್ಲಿಸಿದರೆ ಮತ್ತೆ ಕೂರುವುದು ಕಷ್ಟವಾಗಿತ್ತು. ಅದಕ್ಕೆ ಕ್ಯಾಸೆಟ್ಟು ಮುಗಿಯುವವರೆಗೆ ಅದನ್ನು ಓಡಲು ಬಿಡುತ್ತಿದ್ದರು. ಹೀಗಾಗಿ ಹಾಡಿಗಿಂತ ಹೆಚ್ಚು ಹೊತ್ತು ಬರೀ ಮಾತು, ಕೆಮ್ಮು, ಜಗಳ, ನಗು. ಅಷ್ಟನ್ನೂ ಹಾಕಿದರೆ ಕೇಳುವವರು ಎದ್ದು ಹೋಗುತ್ತಾರೆ ಸರ್, ಇದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ ಎಂದರು ಮೇಘನಾ. ಹಾಗಾದರೆ ಸಮಗ್ರವೇ ಬೇಡ, ಕ್ಯಾಸೆಟ್ಟು ವಾಪಸ್ಸು ಕೊಡಿ ಎಂದು ಮಾವ ಫೋನ್ ಇಟ್ಟುಬಿಟ್ಟ.

ನನಗೆ ಸಿಟ್ಟು ನೆತ್ತಿಗೇರಿತು. ಜನ್ಮದಲ್ಲಿ ಒಮ್ಮೆ ಬಾಗಿಲಿಗೆ ಬಂದ ಭಾಗ್ಯ, ಇದನ್ನು ಕೆಮ್ಮು ಜಗಳದ ಸಲುವಾಗಿ ಒದೆಯುವುದಾ? ಬೈಯಲೆಂದೇ ಬಾಯಿ ತೆರೆದೆ. ಆದರೆ ಆ ಹೊತ್ತಿಗೆ ನನಗೂ ಕಾರಣ ಹೊಳೆಯಿತು.

ಎರಡು ವರ್ಷದ ಹಿಂದೆ ಸೆಲ್ವಣ್ಣನಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಈಗ ಕೊರಳಿಗೊಂದು ಬಿಳಿ ಬಟ್ಟೆ ಕಟ್ಟಿಕೊಂಡಿರುತ್ತಾನೆ, ಹೇಳಬೇಕಾದದ್ದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸುತ್ತಾನೆ. ಮೊದಲು ಅವನ ಹತ್ತಿರ ಇದ್ದದ್ದು ಬರೀ ಗುಂಡಿ ಫೋನು, ಅದರಲ್ಲಿ ಯಾವ ಧ್ವನಿಯೂ ಉಳಿಯಲಿಲ್ಲ. ಮದುವೆಯ ವಿಡಿಯೋ ಇದೆ, ಆದರೆ ಆ ಕಾಲದ ಮದುವೆ ವಿಡಿಯೋಗಳ ಹಣೆಬರಹ ನಿಮಗೇ ಗೊತ್ತು. ಎಲ್ಲರ ಬಾಯೂ ಅಲ್ಲಾಡುತ್ತದೆ, ಕೇಳುವುದು ಸಿನಿಮಾ ಹಾಡು. ಸೆಲ್ವಣ್ಣ ಮನುಷ್ಯರ ಹಾಗೆ ಮಾತಾಡಿದ್ದು ಈ ಭೂಮಿಯ ಮೇಲೆ ಉಳಿದಿರುವುದು ಆ ನಾಲ್ಕು ಕ್ಯಾಸೆಟ್ಟಿನಲ್ಲಿ ಮಾತ್ರ.

ಮಾತನ್ನು ಬೇರೆ ಮಾಡಿಸಿ ಅವನ ಮನೆಯವರಿಗೆ ಕೊಡೋಣ ಮಾವ, ಹಾಡು ಮಾತ್ರ ಹೊರಗೆ ಬರಲಿ ಎಂದೆ. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ. ಮಾವ ನನ್ನನ್ನು ನೋಡಿದ ನೋಟ ಚೆನ್ನಾಗಿರಲಿಲ್ಲ.

"ಅವನ ಕಿರುಚಾಟ ಊರಿಗೆ, ಅವನ ಮಾತು ಡಬ್ಬಕ್ಕೆ, ಅಲ್ವಾ? ದುಡಿಯೋಕೆ ಬಾ, ಊಟದ ಹೊತ್ತಿಗೆ ಹೊರಗಿರು ಅಂದಂಗಾಯ್ತು. ಆ ಗುತ್ತಿಗೆದಾರ ಹದಿನೆಂಟು ವರ್ಷ ಮಾಡಿದ್ದೂ ಅದೇ. ನಾನೂ ಅದನ್ನೇ ಮಾಡ್ಲಾ? ಬಂದ್ರೆ ಪೂರ್ತಿ ಮನುಷ್ಯ ಬರ್ಲಿ. ಇಲ್ದಿದ್ರೆ ಹಾಡೂ ಬೇಡ, ಮಣ್ಣೂ ಬೇಡ."

ಮುಂದಿನ ಭಾನುವಾರ ಮೇಘನಾ ಅವರೇ ಲ್ಯಾಪ್‌ಟಾಪ್ ಹಿಡಿದು ಜನ್ನಾಪುರದ ಗಿರಣಿಗೆ ಬಂದರು. ನಾನೂ ಹೋದೆ. ಸೆಲ್ವಣ್ಣನನ್ನೂ ಕರೆಸಿದ್ದರು, ಹಾಡಿದವರ ಒಪ್ಪಿಗೆ ಬೇಕಲ್ಲ. ಊರು ಬಿಟ್ಟ ಇಬ್ಬರು ಫೋನಿನಲ್ಲೇ ಹೇಗಾದರೂ ಸರಿ ಎಂದಿದ್ದರು. ಈಗ ಸೆಲ್ವಣ್ಣ ಒಂದು ಹೂಂ ಅಂದರೆ ಮಾವ ಗೆದ್ದ ಹಾಗೆಯೇ ಎಂದುಕೊಂಡಿದ್ದೆ. ಸೆಲ್ವಣ್ಣ ಮೊಬೈಲಿನಲ್ಲಿ ಏನೋ ಟೈಪ್ ಮಾಡಿ ಮೊದಲು ಮೇಘನಾಗೆ, ಆಮೇಲೆ ನನಗೆ ತೋರಿಸಿದ. 'ಮಾತು ತೆಗೆದುಬಿಡಿ. ನಾಚಿಕೆಯಾಗುತ್ತೆ. ಈಗಿಲ್ಲದ್ದನ್ನು ಎಲ್ಲರಿಗೂ ಕೇಳಿಸೋದು ಬೇಡ' ಎಂದಿತ್ತು.

ಮಾವನ ಕಡೆ ಮೊಬೈಲ್ ಚಾಚಿದ. ಮಾವ ಕನ್ನಡಕವನ್ನು ಜೇಬಿನಿಂದ ತೆಗೆಯಲೇ ಇಲ್ಲ! ಕಣ್ಣು ಕಾಣಲ್ಲ, ನೀನು ಬರೆದದ್ದು ಓದೋಕಾಗಲ್ಲ, ಆದ್ದರಿಂದ ನೀನು ಒಪ್ಪಿದೀಯ ಅಂತ ಲೆಕ್ಕ ಎಂದು ಕೂಗಿದ. ಸೆಲ್ವಣ್ಣ ಅಕ್ಷರ ದೊಡ್ಡದು ಮಾಡಿ ತೋರಿಸಿದ. ಮಾವ ಕಣ್ಣು ಮುಚ್ಚಿಕೊಂಡ. ಸೆಲ್ವಣ್ಣ ಅವನ ಭುಜ ಹಿಡಿದು ಅಲ್ಲಾಡಿಸಿದ, ನನ್ನನ್ನು ತೋರಿಸಿ ಓದಿ ಹೇಳು ಎಂದು ಸನ್ನೆ ಮಾಡಿದ. ನಾನು ಓದಿದೆ. ಓಡುತ್ತಿದ್ದ ಮೋಟಾರಿನ ಸದ್ದಿನಲ್ಲಿ ನಿನ್ನ ಮಾತು ಕೇಳಿಸಲಿಲ್ಲ ಎಂದ ಮಾವ. ಒಬ್ಬನಿಗೆ ಬಾಯಿಲ್ಲ, ಇನ್ನೊಬ್ಬನಿಗೆ ಕಣ್ಣೂ ಇಲ್ಲ ಕಿವಿಯೂ ಇಲ್ಲ. ಇಂಥ ಜಗಳವನ್ನು ಭದ್ರಾವತಿ ಇನ್ನು ಕಾಣಲಿಕ್ಕಿಲ್ಲ. ಜೋಳ ಹಿಡಿದು ಬಂದಿದ್ದ ಪುಟ್ಟಮ್ಮಜ್ಜಿ ಮೂಟೆಯ ಮೇಲೆ ಕೂತು ಇಬ್ಬರನ್ನೂ ಸಮನಾಗಿ ನೋಡುತ್ತಿದ್ದರು.

ಕೊನೆಗೆ ಮೇಘನಾ ಎದ್ದು, ಮೋಟಾರು ನಿಲ್ಲಿಸಿ ಎಂದರು. ಒಂದು ಕ್ಯಾಸೆಟ್ಟನ್ನು ಇದ್ದ ಹಾಗೇ ಹಾಕ್ತೀನಿ, ಎಲ್ಲರೂ ಒಂದು ಸಲ ಕೇಳಿ, ಆಮೇಲೆ ಸೆಲ್ವ ಅವರು ಬೇಡ ಅಂದರೆ ಬೇಡ ಎಂದರು. ಮಾವ ಮೋಟಾರಿನ ಬೆಲ್ಟಿನ ಕಡೆ ನೋಡುತ್ತಾ ಸ್ವಿಚ್ಚು ಆರಿಸಿದ.

ಹಾಡು ಬಂತು, ಮುಗಿಯಿತು. ಆಮೇಲೆ ಕೆಮ್ಮು. ಮಾವನೂ ಡ್ರಮ್ಮಿನವನೂ ತಾಳ ತಪ್ಪಿಸಿದ್ದು ಯಾರು ಎಂದು ಕಚ್ಚಾಡುವುದು. ಅದರ ನಡುವೆ ಒಂದು ಧ್ವನಿ. ಕಿರುಚುತ್ತಿದ್ದವನದೇ ಧ್ವನಿ ಎಂದು ನಂಬುವುದು ಕಷ್ಟ, ಅಷ್ಟು ತಣ್ಣಗಿತ್ತು.

"ಡೇಯ್, ಬಾಯೆಲ್ಲ ಹಿಟ್ಟು. ಚಾ ತರ್ತೀನಿ, ಯಾರ್ಯಾರಿಗೆ ಬೇಕು?"

ಟೇಪಿನಲ್ಲಿ ಯಾರೂ ಉತ್ತರ ಕೊಡಲಿಲ್ಲ. ಕಚ್ಚಾಟ ನಡೆದೇ ಇತ್ತು. ಆ ಧ್ವನಿ ಮತ್ತೊಮ್ಮೆ ಚಾ ಬೇಕಾ ಎಂದು ಕೇಳಿತು. ಆಗಲೂ ಯಾರೂ ಕಿವಿಗೊಡಲಿಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಮಾವ ತನ್ನ ತಾಳವೇ ಸರಿ ಎಂದು ಮೂಟೆ ಗುದ್ದುತ್ತಿದ್ದ. ಮೂರನೆಯ ಸಲ ಆ ಧ್ವನಿ ಹತ್ತಿರ ಬಂತು.

"ಏ, ನಿನ್ನನ್ನೇ ಕಣೋ ಕೇಳ್ತಿರೋದು. ಕುಡೀತೀಯಾ?"

"ಕುಡೀತೀನಿ ಕಣೋ" ಎಂದ ಮಾವ. ಟೇಪಿನ ಮಾವ ಅಲ್ಲ, ನಮ್ಮ ಎದುರಿಗೆ ನಿಂತಿದ್ದ ಮಾವ. "ಸಕ್ಕರೆ ಬೇಡ. ಈಗ ನಂಗೆ ಶುಗರ್ ಇದೆ."

ಸೆಲ್ವಣ್ಣ ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಬೆರಳು ಮಡಚುತ್ತಾ ಪುಟ್ಟಮ್ಮಜ್ಜಿಯಿಂದ ಹಿಡಿದು ನಮ್ಮನ್ನೆಲ್ಲ ಎಣಿಸಿ, ಗೂಟಕ್ಕೆ ತೂಗುಹಾಕಿದ್ದ ಫ್ಲಾಸ್ಕ್ ತೆಗೆದುಕೊಂಡು ರಸ್ತೆಗೆ ಇಳಿದ. ಬಾಗಿಲಲ್ಲಿ ಒಂದು ಕ್ಷಣ ನಿಂತು ಮೇಘನಾ ಕಡೆ ತಿರುಗಿ, ಮಾತೂ ಇರಲಿ ಎಂಬಂತೆ ಕೈ ಆಡಿಸಿದ.

ಅವನು ವಾಪಸ್ಸು ಬರುವವರೆಗೆ ಮಾವ ನಮಗೆ ಬೆನ್ನು ಮಾಡಿ ನಿಂತು ಮೋಟಾರಿನ ಬೆಲ್ಟನ್ನು ಸರಿಮಾಡುತ್ತಿದ್ದ. ಸರಿಮಾಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೇನೆ, ಇವನಷ್ಟು ನಿಯತ್ತಿನವನು ನನಗೆ ಬೇರೆ ಯಾರೂ ಗೊತ್ತಿಲ್ಲ. ಸೆಲ್ವಣ್ಣ ಬಂದು ಎಲ್ಲರಿಗೂ ಲೋಟದಲ್ಲಿ ಬಗ್ಗಿಸಿದ, ಸಕ್ಕರೆಯಿಲ್ಲದ್ದನ್ನು ಬೇರೆ ಕಟ್ಟಿಸಿಕೊಂಡು ಬಂದಿದ್ದ. ಮಾವ ತನ್ನ ಲೋಟ ತೆಗೆದುಕೊಂಡು, ಮುಖ ಒರೆಸಿಕೊಳ್ಳುತ್ತಿದ್ದ ನನಗೆ ಆರಿಹೋಗುತ್ತೆ, ಕುಡಿ ಎಂದು ಗದರಿದ.